ಆಳ ಸಾಲದ ಬಂದರು, ಸಣ್ಣ ಹಡಗು

ಮರದೆಲೆಗಳು ಕೆಂಪಾಗುವ ಸೆಪ್ಟೆಂಬರ್–ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ಈಶಾನ್ಯ ಕರಾವಳಿಯ ನ್ಯೂಪೋರ್ಟ್ ಊರಿನ ಮುಂದೆ ಎರಡು ಬಗೆಯ ಪ್ರವಾಸಿ ಹಡಗುಗಳು ಕಾಣಸಿಗುತ್ತವೆ. ಒಂದು, ಸಾವಿರಾರು ಜನರನ್ನು ಹೊತ್ತ, ಹತ್ತಾರು ಅಂತಸ್ತಿನ ಭಾರೀ ಹಡಗು. ಅದು ದಡಕ್ಕೆ ಬರುವುದಿಲ್ಲ. ಕೊಲ್ಲಿಯ ನಡುವೆ ಲಂಗರು ಹಾಕಿ, ಚಿಕ್ಕ ದೋಣಿಗಳಲ್ಲಿ ತಂಡ ತಂಡವಾಗಿ ಜನರನ್ನು ಇಳಿಸುತ್ತದೆ. ಇನ್ನೊಂದು, ನೂರರ ಆಸುಪಾಸು ಪ್ರಯಾಣಿಕರ ಸಣ್ಣ ಹಡಗು. ಅದು ಮೀನುಗಾರರ ದೋಣಿಗಳ ಮಗ್ಗುಲಲ್ಲೇ ಬಂದು ದಕ್ಕೆಗೆ ಹಗ್ಗ ಕಟ್ಟುತ್ತದೆ. ಇಳಿದವರು ಹತ್ತು ಹೆಜ್ಜೆ ನಡೆದರೆ ಪೇಟೆ ಬೀದಿ.

ಈ ವ್ಯತ್ಯಾಸಕ್ಕೆ ಕಾರಣ ನೀರಿನ ಆಳ. ದೊಡ್ಡ ಪ್ರವಾಸಿ ಹಡಗಿನ ತಳ ಎಂಟು ಮೀಟರ್ ಇಲ್ಲವೇ ಅದಕ್ಕೂ ಹೆಚ್ಚು ನೀರಿನೊಳಗೆ ಇಳಿದಿರುತ್ತದೆ. ಕರಾವಳಿಯ ಸಣ್ಣ ಹಡಗಿಗೆ ಎರಡು–ಎರಡೂವರೆ ಮೀಟರ್ ಸಾಕು. ನ್ಯೂ ಇಂಗ್ಲೆಂಡ್ ಎಂದು ಕರೆಯುವ ಈ ಪ್ರದೇಶದ ಹಳೆಯ ಬಂದರುಗಳ ನಡುವೆ ವಾರದ ಪ್ರಯಾಣ ಹೊರಡುವ ಸಣ್ಣ ಹಡಗುಗಳು ಜನಪ್ರಿಯವಾಗಿರುವುದು ಈ ಕಾರಣದಿಂದ. ಪ್ರಾವಿಡೆನ್ಸ್ ಅಥವಾ ಬಾಸ್ಟನ್‌ನಿಂದ ಹೊರಟು ನ್ಯೂಪೋರ್ಟ್, ನ್ಯೂ ಬೆಡ್‌ಫರ್ಡ್, ನಾಂಟಕೆಟ್, ಮಾರ್ಥಾಸ್ ವಿನ್‌ಯಾರ್ಡ್ ಮುಂತಾದ ಊರುಗಳನ್ನು ಮುಟ್ಟಿ ಬರುವ ಹಾದಿ ಇದು. ಒಂದೂರಿಂದ ಇನ್ನೊಂದೂರಿಗೆ ಕೆಲವೇ ಗಂಟೆಗಳ ದೂರ. ದಡ ಕಣ್ಣಿಂದ ಮರೆಯಾಗುವುದೇ ಅಪರೂಪ.

ಆದರೆ ಈ ಪ್ರಯಾಣವನ್ನು ಬರಿಯ ವಿಹಾರವೆಂದು ಬಗೆದರೆ ಅದರ ಅರ್ಧ ತಿರುಳು ಕೈತಪ್ಪುತ್ತದೆ. ಈ ಊರುಗಳ ಏಳುಬೀಳನ್ನು ಬರೆದದ್ದು ರಾಜರು, ಯುದ್ಧಗಳಷ್ಟೇ ಅಲ್ಲ; ದಕ್ಕೆಯ ಮುಂದಿನ ನೀರಿನ ಆಳವೂ ಹೌದು. ಹಡಗುಗಳು ದೊಡ್ಡದಾಗುತ್ತ ಹೋದಂತೆ ಆಳ ಸಾಲದ ಬಂದರುಗಳು ಒಂದೊಂದಾಗಿ ಬಡವಾದವು. ಬಡತನ ಬಂದುದರಿಂದ ಹಳೆಯ ಮನೆ ಕೆಡವಿ ಹೊಸತು ಕಟ್ಟುವ ಶಕ್ತಿ ಯಾರಿಗೂ ಉಳಿಯಲಿಲ್ಲ. ಇಂದು ಜಗತ್ತು ಬಂದು ನೋಡುವುದು ಹಾಗೆ ಉಳಿದ ಮನೆಗಳನ್ನೇ.

ಸಣ್ಣ ಹಡಗಿನ ಹಿಂದೊಂದು ಕಾನೂನು

ಅಮೆರಿಕದ ಕರಾವಳಿಯಲ್ಲಿ ಸಣ್ಣ ಹಡಗುಗಳು ಉಳಿದು ಬೆಳೆದದ್ದಕ್ಕೆ 1886ರ ಒಂದು ಕಾಯ್ದೆಯೂ ಕಾರಣ. ಅದರ ಪ್ರಕಾರ, ಅಮೆರಿಕದ ಒಂದು ಬಂದರಿನಿಂದ ಇನ್ನೊಂದು ಬಂದರಿಗೆ ಪ್ರಯಾಣಿಕರನ್ನು ಸಾಗಿಸುವ ಹಡಗು ಅಮೆರಿಕದಲ್ಲೇ ಕಟ್ಟಿದ್ದಾಗಿರಬೇಕು, ಅಮೆರಿಕದವರದ್ದೇ ಆಗಿರಬೇಕು. ಜಗತ್ತಿನ ಭಾರೀ ಪ್ರವಾಸಿ ಹಡಗುಗಳು ಬಹುತೇಕ ಯುರೋಪಿನಲ್ಲಿ ತಯಾರಾಗಿ, ಬಹಾಮಾಸ್ ಅಥವಾ ಪನಾಮಾದಂಥ ದೇಶಗಳ ಬಾವುಟ ಹಾರಿಸುತ್ತವೆ. ಹಾಗಾಗಿ ಬಾಸ್ಟನ್‌ನಿಂದ ಹೊರಟು ಬಾಸ್ಟನ್‌ಗೇ ಮರಳುವ ದೊಡ್ಡ ಹಡಗು ನಡುವೆ ಕೆನಡಾದ ಹ್ಯಾಲಿಫ್ಯಾಕ್ಸ್‌ನಂಥ ವಿದೇಶಿ ಬಂದರನ್ನು ಮುಟ್ಟಲೇಬೇಕು. ಬರೀ ನ್ಯೂ ಇಂಗ್ಲೆಂಡಿನ ಊರುಗಳ ನಡುವೆಯೇ ಓಡಾಡುವ ಅವಕಾಶ ದೇಶೀಯವಾಗಿ ಕಟ್ಟಿದ ಸಣ್ಣ ಹಡಗುಗಳಿಗೆ ಮೀಸಲಾಗಿ ಉಳಿಯಿತು.

ಈ ಹಡಗುಗಳಲ್ಲಿ ಈಜುಕೊಳದ ಸಾಲು, ಜೂಜಿನ ಅಂಗಣ, ನಾಟಕಶಾಲೆಗಳ ಆಡಂಬರ ಕಡಿಮೆ. ಬದಲಿಗೆ ಇತಿಹಾಸ ಬಲ್ಲವರೊಬ್ಬರು ಜೊತೆಗಿದ್ದು, ಮರುದಿನ ಕಾಣಲಿರುವ ಊರಿನ ಕಥೆಯನ್ನು ಹಿಂದಿನ ಸಂಜೆಯೇ ಹೇಳುವ ಪದ್ಧತಿ ಇದೆ. ಅವರು ಹೇಳುವ ಕಥೆಗಳಲ್ಲಿ ಹೆಮ್ಮೆಯಷ್ಟೇ ಪಾಪವೂ ಇದೆ.

ನ್ಯೂಪೋರ್ಟ್: ಸಿರಿಯ ಎರಡು ಮುಖ

1639ರಲ್ಲಿ ಸ್ಥಾಪನೆಯಾದ ನ್ಯೂಪೋರ್ಟ್, ಹದಿನೆಂಟನೇ ಶತಮಾನದ ನಡುವಿನ ಹೊತ್ತಿಗೆ ಅಮೆರಿಕದ ಬ್ರಿಟಿಷ್ ವಸಾಹತುಗಳ ಐದು ಮುಖ್ಯ ಬಂದರುಗಳಲ್ಲಿ ಒಂದಾಗಿತ್ತು. ಬಾಸ್ಟನ್, ನ್ಯೂಯಾರ್ಕ್‌ಗಳ ಜೊತೆ ಅದರ ಹೆಸರು ಹೇಳುತ್ತಿದ್ದರು. ಧಾರ್ಮಿಕ ಸ್ವಾತಂತ್ರ್ಯ ಅರಸಿ ಬಂದ ಕ್ವೇಕರರು, ಬ್ಯಾಪ್ಟಿಸ್ಟರು, ಯೆಹೂದಿಗಳು ಇಲ್ಲಿ ಅಕ್ಕಪಕ್ಕದಲ್ಲಿ ಬಾಳಿದರು. 1763ರಲ್ಲಿ ಪೂರ್ಣಗೊಂಡ ಟೌರೋ ಸಿನಗಾಗ್, ಅಮೆರಿಕದಲ್ಲಿ ಉಳಿದಿರುವ ಅತ್ಯಂತ ಹಳೆಯ ಯೆಹೂದಿ ಪ್ರಾರ್ಥನಾ ಮಂದಿರ. ಮತದ್ವೇಷಕ್ಕೆ ಹೊಸ ಸರ್ಕಾರದಲ್ಲಿ ಜಾಗವಿಲ್ಲವೆಂದು ಜಾರ್ಜ್ ವಾಷಿಂಗ್ಟನ್ 1790ರಲ್ಲಿ ಭರವಸೆಯ ಪತ್ರ ಬರೆದದ್ದು ಇಲ್ಲಿನ ಯೆಹೂದಿ ಸಮುದಾಯಕ್ಕೆ.

ಆ ಸಿರಿಯ ಇನ್ನೊಂದು ಮುಖ ಗುಲಾಮರ ವ್ಯಾಪಾರ. ಕೆರಿಬಿಯನ್ ದ್ವೀಪಗಳಿಂದ ಕಬ್ಬಿನ ಕಾಕಂಬಿ ತರುವುದು, ನ್ಯೂಪೋರ್ಟಿನ ಭಟ್ಟಿಗಳಲ್ಲಿ ಅದನ್ನು ರಮ್ ಮಾಡುವುದು, ರಮ್ ಕೊಟ್ಟು ಆಫ್ರಿಕಾದಲ್ಲಿ ಮನುಷ್ಯರನ್ನು ಕೊಳ್ಳುವುದು, ಅವರನ್ನು ಮತ್ತೆ ಅದೇ ಕಬ್ಬಿನ ತೋಟಗಳಿಗೆ ಮಾರುವುದು: ಹೀಗೆ ಸುತ್ತುತ್ತಿತ್ತು ಈ ವಹಿವಾಟು. ಒಂದು ಶತಮಾನದ ಅವಧಿಯಲ್ಲಿ, ನ್ಯೂಪೋರ್ಟ್ ಇರುವ ರೋಡ್ ಐಲೆಂಡ್ ಸಂಸ್ಥಾನದ ಹಡಗುಗಳು ಸುಮಾರು ಒಂದು ಲಕ್ಷ ಆಫ್ರಿಕನ್ನರನ್ನು ಸೆರೆಯಾಳುಗಳಾಗಿ ಸಾಗಿಸಿದವು. ಊರಿನ ಹಳೆಯ ಸ್ಮಶಾನದ ಒಂದು ಭಾಗದಲ್ಲಿ ಆಫ್ರಿಕನ್ ಮೂಲದವರ ಹೆಸರು ಕೊರೆದ ಸಮಾಧಿ ಕಲ್ಲುಗಳು ಇಂದಿಗೂ ನಿಂತಿವೆ. ದಕ್ಕೆಯಿಂದ ನಡೆದೇ ಹೋಗಬಹುದಾದ ದೂರದಲ್ಲಿರುವ ಈ ಜಾಗವನ್ನು ನೋಡದೆ ನ್ಯೂಪೋರ್ಟ್ ನೋಡಿದೆವೆನ್ನುವುದು ಸರಿಯಲ್ಲ.

1776ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಸೇನೆ ಊರನ್ನು ಹಿಡಿಯಿತು. ಮೂರು ವರ್ಷ ಅದರ ವಶದಲ್ಲಿದ್ದ ನ್ಯೂಪೋರ್ಟಿನ ಜನಸಂಖ್ಯೆ ಅರ್ಧಕ್ಕಿಳಿಯಿತು. ಚಳಿಗಾಲದ ಸೌದೆಗಾಗಿ ಸೈನಿಕರು ಮನೆಗಳನ್ನೇ ಒಡೆದರು. ವ್ಯಾಪಾರ ಕೊಲ್ಲಿಯ ತುದಿಯ ಪ್ರಾವಿಡೆನ್ಸ್‌ಗೆ ಹೋಯಿತು, ಮತ್ತೆ ಬರಲಿಲ್ಲ. ನೂರು ವರ್ಷದ ನಂತರ ನ್ಯೂಯಾರ್ಕಿನ ಧನಿಕರು ಬೇಸಿಗೆ ಕಳೆಯಲು ಬಂದು ಸಮುದ್ರದಂಚಿನಲ್ಲಿ ಅರಮನೆಗಳನ್ನು ಕಟ್ಟಿದರು. 1895ರಲ್ಲಿ ಮುಗಿದ ವಾಂಡರ್‌ಬಿಲ್ಟ್ ಮನೆತನದ ‘ದಿ ಬ್ರೇಕರ್ಸ್’ ಬಂಗಲೆಯಲ್ಲಿ 70 ಕೋಣೆಗಳಿವೆ. ಆದರೆ ನ್ಯೂಪೋರ್ಟಿನ ನಿಜವಾದ ಸಂಪತ್ತು ದಕ್ಕೆಯ ಬಳಿಯ ಇಕ್ಕಟ್ಟು ಬೀದಿಗಳಲ್ಲಿ ಉಳಿದ ನೂರಾರು ಮರದ ಮನೆಗಳು. 1968ರಲ್ಲಿ ಡೋರಿಸ್ ಡ್ಯೂಕ್ ಎಂಬ ಶ್ರೀಮಂತ ಮಹಿಳೆ ಸ್ಥಾಪಿಸಿದ ಪ್ರತಿಷ್ಠಾನವು ಅಂಥ 80ಕ್ಕೂ ಹೆಚ್ಚು ಮನೆಗಳನ್ನು ದುರಸ್ತಿ ಮಾಡಿತು. ದುರಸ್ತಿಯಾದ ಮನೆಗಳಲ್ಲಿ ಜನ ಬಾಡಿಗೆಗಿದ್ದಾರೆ. ಬೀದಿ ಇನ್ನೂ ಬೀದಿಯಾಗಿಯೇ ಇದೆ.

ನಾಂಟಕೆಟ್: ಮರಳ ದಿಬ್ಬದ ತೀರ್ಪು

ಮುಖ್ಯ ಭೂಭಾಗದಿಂದ ಸುಮಾರು 48 ಕಿಲೋಮೀಟರ್ ದೂರದ ನಾಂಟಕೆಟ್ ದ್ವೀಪ ಹದಿನೆಂಟನೇ ಶತಮಾನದಲ್ಲಿ ತಿಮಿಂಗಿಲ ಬೇಟೆಯ ರಾಜಧಾನಿ. ಸೀಮೆಎಣ್ಣೆ ಬರುವ ಮೊದಲು ದೀಪ ಉರಿಸಲು, ಯಂತ್ರಗಳ ಕೀಲಿಗೆ ಹಚ್ಚಲು ಜಗತ್ತು ನಂಬಿದ್ದು ತಿಮಿಂಗಿಲದ ಎಣ್ಣೆಯನ್ನು. ಸ್ಪರ್ಮ್ ತಿಮಿಂಗಿಲದ ತಲೆಯಲ್ಲಿ ಸಿಗುವ ಮೇಣದಂಥ ಪದಾರ್ಥದಿಂದ ಹೊಗೆಯಿಲ್ಲದ ಮೇಣದಬತ್ತಿ ತಯಾರಾಗುತ್ತಿತ್ತು. ಹತ್ತಿರದ ಕಡಲಲ್ಲಿ ತಿಮಿಂಗಿಲ ವಿರಳವಾದಂತೆ ಹಡಗುಗಳು ದಕ್ಷಿಣ ಅಮೆರಿಕದ ತುದಿ ಸುತ್ತಿ ಪೆಸಿಫಿಕ್ ಸಾಗರಕ್ಕೆ ಹೋದವು. ಒಂದು ಯಾತ್ರೆಗೆ ಮೂರು–ನಾಲ್ಕು ವರ್ಷ. ಗಂಡಸರು ಕಡಲಲ್ಲಿರುವಾಗ ಅಂಗಡಿ, ಲೆಕ್ಕಪತ್ರ, ಊರಿನ ವ್ಯವಹಾರವನ್ನೆಲ್ಲ ಹೆಂಗಸರು ನಡೆಸಿದರು. 1847ರಲ್ಲಿ ದೂರದರ್ಶಕದಿಂದ ಧೂಮಕೇತುವನ್ನು ಕಂಡುಹಿಡಿದು ಜಗತ್ಪ್ರಸಿದ್ಧಳಾದ ಮರಿಯಾ ಮಿಚೆಲ್ ಈ ದ್ವೀಪದ ಮಗಳು.

ಲಾಭಕ್ಕಾಗಿ ಹಡಗುಗಳು ದೊಡ್ಡದಾದವು. ಅದೇ ನಾಂಟಕೆಟ್‌ಗೆ ಮುಳುವಾಯಿತು. ಬಂದರಿನ ಬಾಯಿಗೆ ಅಡ್ಡಲಾಗಿ ಮರಳಿನ ದಿಬ್ಬವಿತ್ತು. ಎಣ್ಣೆಯ ಪೀಪಾಯಿ ತುಂಬಿದ ಹಡಗು ಅದನ್ನು ದಾಟಲಾರದು. ಹೊರಗೇ ಲಂಗರು ಹಾಕಿ, ಸರಕನ್ನು ಚಿಕ್ಕ ದೋಣಿಗಳಿಗೆ ಇಳಿಸಿ ತರಬೇಕಿತ್ತು. 1842ರಲ್ಲಿ ದ್ವೀಪದವರು ‘ಒಂಟೆಗಳು’ ಎಂಬ ಹೆಸರಿನ ಒಂದು ಉಪಾಯ ಮಾಡಿದರು. ಟೊಳ್ಳಾದ ಎರಡು ಭಾರೀ ತೇಲುತೊಟ್ಟಿಗಳನ್ನು ನೀರು ತುಂಬಿಸಿ ಮುಳುಗಿಸಿ, ಹಡಗಿನ ಎರಡೂ ಪಕ್ಕಕ್ಕೆ ಸರಪಳಿಯಿಂದ ಬಿಗಿದು, ಬಳಿಕ ಪಂಪಿನಿಂದ ನೀರು ಹೊರಹಾಕುತ್ತಿದ್ದರು. ತೊಟ್ಟಿಗಳು ಮೇಲೇಳುವಾಗ ಹಡಗನ್ನೂ ಎತ್ತಿಕೊಂಡು ದಿಬ್ಬ ದಾಟಿಸುತ್ತಿದ್ದವು. ಉಪಾಯ ಫಲಿಸಿತು, ಆದರೆ ತಡವಾಗಿತ್ತು. 1846ರ ಬೆಂಕಿ ಪೇಟೆಯನ್ನೂ ದಕ್ಕೆಯನ್ನೂ ಸುಟ್ಟಿತು. 1849ರಲ್ಲಿ ಕ್ಯಾಲಿಫೋರ್ನಿಯಾದ ಚಿನ್ನ ನೂರಾರು ತರುಣರನ್ನು ಸೆಳೆಯಿತು. 1859ರಲ್ಲಿ ಪೆನ್ಸಿಲ್ವೇನಿಯಾದ ನೆಲದಿಂದ ಪೆಟ್ರೋಲಿಯಂ ಸಿಕ್ಕಿತು. ದ್ವೀಪದ ಕೊನೆಯ ತಿಮಿಂಗಿಲ ಹಡಗು 1869ರಲ್ಲಿ ಹೊರಟಿತು.

ಊರು ಖಾಲಿಯಾಯಿತು. ಹೊಸದಾಗಿ ಕಟ್ಟುವವರೂ ಇರಲಿಲ್ಲ, ಕೆಡವುವವರೂ ಇರಲಿಲ್ಲ. ಹಾಗಾಗಿ ಅಮೆರಿಕದ ಅಂತರ್ಯುದ್ಧಕ್ಕೂ ಮುಂಚಿನ 800ಕ್ಕೂ ಹೆಚ್ಚು ಮನೆಗಳು ಅಲ್ಲಿ ಹಾಗೆಯೇ ಉಳಿದವು. ದುಂಡುಗಲ್ಲು ಹಾಸಿದ ಮುಖ್ಯ ಬೀದಿಯಲ್ಲಿ ನಡೆದರೆ ಕಾಣುವುದು ಹತ್ತೊಂಬತ್ತನೇ ಶತಮಾನದ ಊರೇ.

ನ್ಯೂ ಬೆಡ್‌ಫರ್ಡ್: ಲೋಕಕ್ಕೆ ಬೆಳಕು ಕೊಟ್ಟ ಊರು

ನಾಂಟಕೆಟ್ ಕಳೆದುಕೊಂಡದ್ದು ನ್ಯೂ ಬೆಡ್‌ಫರ್ಡ್‌ಗೆ ದಕ್ಕಿತು. ಅಕುಷ್ನೆಟ್ ನದಿಯ ಬಾಯಿಯಲ್ಲಿ ಆಳದ ನೀರಿತ್ತು. 1840ರಲ್ಲಿ ರೈಲೂ ಬಂತು. 1857ರ ಹೊತ್ತಿಗೆ 329 ತಿಮಿಂಗಿಲ ಹಡಗುಗಳಿಗೆ ಇದು ತವರು. ಹರ್ಮನ್ ಮೆಲ್ವಿಲ್ 1841ರ ಜನವರಿಯಲ್ಲಿ ತಿಮಿಂಗಿಲ ಹಡಗು ಹತ್ತಿದ್ದು ಈ ನದಿಯಿಂದಲೇ. ಹತ್ತು ವರ್ಷದ ನಂತರ ಬಂದದ್ದು ಅವನ ‘ಮೊಬಿ ಡಿಕ್’. ಆ ಕಾದಂಬರಿಯಲ್ಲಿ ಬರುವ ನಾವಿಕರ ಪ್ರಾರ್ಥನಾ ಮಂದಿರ, 1832ರ ಸೀಮೆನ್ಸ್ ಬೆಥೆಲ್, ಇನ್ನೂ ಇದೆ. ಕಡಲಲ್ಲಿ ಸತ್ತವರ ದೇಹ ಊರಿಗೆ ಬರುತ್ತಿರಲಿಲ್ಲ. ಬಂದದ್ದು ಸುದ್ದಿ ಮಾತ್ರ. ಆ ಹೆಸರುಗಳನ್ನು ಕೆತ್ತಿದ ಅಮೃತಶಿಲೆಯ ಫಲಕಗಳು ಗೋಡೆಯುದ್ದಕ್ಕೂ ಇವೆ.

ಇದು ಆಶ್ರಯದ ಊರೂ ಹೌದು. ಗುಲಾಮಗಿರಿಯಿಂದ ತಪ್ಪಿಸಿಕೊಂಡ ಫ್ರೆಡರಿಕ್ ಡಗ್ಲಸ್ 1838ರಲ್ಲಿ ಬಂದಿಳಿದದ್ದು ಇಲ್ಲಿಗೆ. ಕಪ್ಪು ಜನಾಂಗದ ನಾಥನ್ ಮತ್ತು ಪಾಲಿ ಜಾನ್ಸನ್ ದಂಪತಿ ತಮ್ಮ ಮನೆಯಲ್ಲಿ ಅವನಿಗೆ ಜಾಗ ಕೊಟ್ಟರು. ಹಡಗಿನ ಹಲಗೆಗಳ ಸಂದಿ ತುಂಬುವ ಕಸುಬು ಬಲ್ಲ ಡಗ್ಲಸ್, ಬಿಳಿಯ ಕೆಲಸಗಾರರ ವಿರೋಧದಿಂದ ಆ ಕೆಲಸ ಸಿಗದೆ ದಕ್ಕೆಯಲ್ಲಿ ಕೂಲಿ ಮಾಡಿ ಬದುಕಿದ. ಮುಂದೆ ಗುಲಾಮಗಿರಿಯ ವಿರುದ್ಧ ಅಮೆರಿಕದ ಅತ್ಯಂತ ಪ್ರಬಲ ದನಿಯಾದ.

ಅಂತರ್ಯುದ್ಧ ಶುರುವಾದಾಗ ಈ ಊರಿನ ಮುದಿ ಹಡಗುಗಳಿಗೆ ವಿಚಿತ್ರವಾದ ಗತಿ ಬಂತು. ದಕ್ಷಿಣದ ಬಂಡಾಯ ಸಂಸ್ಥಾನಗಳು ಹತ್ತಿ ಮಾರಿ ಯುದ್ಧದ ಹಣ ಹೊಂದಿಸದಂತೆ ತಡೆಯಲು ಉತ್ತರದ ಸರ್ಕಾರ ಹಳೆಯ ತಿಮಿಂಗಿಲ ಹಡಗುಗಳನ್ನು ಕೊಂಡಿತು. ಅವಕ್ಕೆ ಕಲ್ಲು ತುಂಬಿಸಿ, 1861ರ ಡಿಸೆಂಬರ್‌ನಲ್ಲಿ ಚಾರ್ಲ್ಸ್‌ಟನ್ ಬಂದರಿನ ಬಾಯಿಯಲ್ಲಿ 16 ಹಡಗುಗಳನ್ನು ಮುಳುಗಿಸಿತು. ಆ ಅಡ್ಡಗಟ್ಟು ಹೆಚ್ಚು ಕಾಲ ನಿಲ್ಲಲಿಲ್ಲ. ಆದರೆ ನೌಕಾಪಡೆಯ ದಿಗ್ಬಂಧನ ಒಟ್ಟಾರೆಯಾಗಿ ಬಿಗಿಯಾದಾಗ ಅಮೆರಿಕದ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸಿಗದಾಯಿತು.

ಅದರ ಪರಿಣಾಮ ಮುಟ್ಟಿದ್ದು ನಮ್ಮ ಉತ್ತರ ಕನ್ನಡದ ಕಡಲತೀರಕ್ಕೆ. ಧಾರವಾಡ ಸೀಮೆಯ ಹತ್ತಿಗೆ ಒಮ್ಮೆಲೇ ಬೇಡಿಕೆ ಏರಿತು. ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದ ಹತ್ತಿ ಕುಮಟಾ ಬಂದರಿನಿಂದ ಮುಂಬಯಿಗೆ, ಅಲ್ಲಿಂದ ಲಿವರ್‌ಪೂಲಿಗೆ ಹೋಯಿತು. ಧಾರವಾಡದ ನಾಡತಳಿಗೆ ಪೇಟೆಯಲ್ಲಿ ಕುಮಟಾ ಎಂಬ ಹೆಸರೇ ನಿಂತಿತ್ತು. ಕಾರವಾರವನ್ನು ಹತ್ತಿಯ ದೊಡ್ಡ ಬಂದರಾಗಿಸುವ ಒತ್ತಾಯ ಬಲವಾಗಿ, 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಯುದ್ಧ ಮುಗಿದು 1865ರಲ್ಲಿ ಬೆಲೆ ಕುಸಿದಾಗ ಆ ಭರಾಟೆಯೂ ಇಳಿಯಿತು.

ನ್ಯೂ ಬೆಡ್‌ಫರ್ಡ್ ಮಾತ್ರ ಕಸುಬು ಬದಲಿಸುತ್ತ ಬದುಕಿತು. ತಿಮಿಂಗಿಲ ಹೋಗಿ ಬಟ್ಟೆ ಗಿರಣಿ ಬಂತು, ಗಿರಣಿ ಹೋಗಿ ಮೀನುಗಾರಿಕೆ ಬಂತು. ಹಿಡಿದ ಮೀನಿನ ಮೌಲ್ಯದಲ್ಲಿ ಈ ಬಂದರು ವರ್ಷಗಟ್ಟಲೆ ಅಮೆರಿಕಕ್ಕೇ ಮೊದಲಾಗಿದೆ. ಸ್ಕ್ಯಾಲಪ್ ಎಂಬ ಚಿಪ್ಪುಜೀವಿ ಅದಕ್ಕೆ ಮುಖ್ಯ ಕಾರಣ. ಇತ್ತೀಚೆಗೆ ಕಡಲ ನಡುವೆ ಗಾಳಿಯಂತ್ರ ನೆಡುವ ಕೆಲಸಕ್ಕೂ ಇದೇ ದಕ್ಕೆ ನೆಲೆಯಾಯಿತು. ಸಣ್ಣ ಹಡಗಿನಿಂದ ಇಳಿದ ಪ್ರವಾಸಿಗೆ ಇಲ್ಲಿ ಸಿಗುವುದು ವಸ್ತುಸಂಗ್ರಹಾಲಯ ಮಾತ್ರವಲ್ಲ, ಬಲೆ ಒಣಗಿಸುವ, ಮಂಜುಗಡ್ಡೆ ತುಂಬುವ, ದುಡಿಯುವ ಬಂದರು. 1841ರಲ್ಲಿ ಈ ಊರಿನಲ್ಲಿ ನೀರಿಗಿಳಿದ ‘ಚಾರ್ಲ್ಸ್ ಡಬ್ಲ್ಯು. ಮಾರ್ಗನ್’, ಉಳಿದಿರುವ ಏಕೈಕ ಮರದ ತಿಮಿಂಗಿಲ ಹಡಗಾಗಿ, ಈಗ ಕನೆಕ್ಟಿಕಟ್‌ನ ಮಿಸ್ಟಿಕ್ ಊರಿನಲ್ಲಿದೆ.

ಸೇಲಂ: ಕಲ್ಕತ್ತೆಯ ನೆಂಟ

ಬಾಸ್ಟನ್‌ನ ಉತ್ತರಕ್ಕಿರುವ ಸೇಲಂ ಹೆಸರು ಕೇಳಿದರೆ ಅಮೆರಿಕನ್ನರಿಗೆ ನೆನಪಾಗುವುದು 1692ರ ಮಾಟಗಾತಿಯರ ವಿಚಾರಣೆ. ಭಾರತೀಯರಿಗೆ ಇಲ್ಲಿ ನೋಡಲು ಬೇರೆಯೇ ಇದೆ. ಸ್ವಾತಂತ್ರ್ಯ ಬಂದ ಮೇಲೆ ಇಂಗ್ಲೆಂಡಿನ ವಸಾಹತುಗಳ ಹಳೆಯ ಮಾರುಕಟ್ಟೆ ಮುಚ್ಚಿಹೋದಾಗ ಸೇಲಂನ ವರ್ತಕರು ಪೂರ್ವ ದೇಶಗಳ ಕಡೆ ಹಾಯಿ ತಿರುಗಿಸಿದರು. ಎಲಿಯಾಸ್ ಹ್ಯಾಸ್ಕೆಟ್ ಡರ್ಬಿಯ ‘ಗ್ರ್ಯಾಂಡ್ ಟರ್ಕ್’ 1786ರಲ್ಲಿ ಚೀನಾ ಮುಟ್ಟಿತು. ಸುಮಾತ್ರಾದಿಂದ ಕರಿಮೆಣಸು, ಬಂಗಾಳದಿಂದ ಹತ್ತಿ ಬಟ್ಟೆ, ನೀಲಿ ಬಂದವು. ಕಲ್ಕತ್ತೆಯಲ್ಲಿ ಅಮೆರಿಕನ್ನರ ವ್ಯವಹಾರ ನೋಡಿಕೊಳ್ಳುತ್ತಿದ್ದ ರಾಮದುಲಾಲ್ ದೇ ಅವರ ಮೇಲೆ ಇಲ್ಲಿನ ವರ್ತಕರಿಗೆ ಎಷ್ಟು ವಿಶ್ವಾಸವಿತ್ತೆಂದರೆ, 1801ರಲ್ಲಿ ಅಮೆರಿಕದ ವರ್ತಕರು ವಾಷಿಂಗ್ಟನ್ನರ ಚಿತ್ರವೊಂದನ್ನು ಅವರಿಗೆ ಉಡುಗೊರೆಯಾಗಿ ಕಳಿಸಿದರು. 1796ರಲ್ಲಿ ಸೇಲಂನ ಜೇಕಬ್ ಕ್ರೌನಿನ್‌ಶೀಲ್ಡ್ ಬಂಗಾಳದಿಂದ ಆನೆಯೊಂದನ್ನು ಹಡಗಿನಲ್ಲಿ ನ್ಯೂಯಾರ್ಕಿಗೆ ತಂದ. ಅಮೆರಿಕನ್ನರು ತಮ್ಮ ನೆಲದಲ್ಲಿ ಆನೆಯನ್ನು ಕಂಡದ್ದು ಅದೇ ಮೊದಲು.

ಗುಡ್ ಹೋಪ್ ಭೂಶಿರ ಅಥವಾ ಹಾರ್ನ್ ಭೂಶಿರ ದಾಟಿ ಬಂದ ಕಪ್ತಾನರು 1799ರಲ್ಲಿ ಒಂದು ಸಂಘ ಕಟ್ಟಿ, ಹೋದಲ್ಲೆಲ್ಲ ಕಂಡ ಅಪರೂಪದ ವಸ್ತುಗಳನ್ನು ತಂದು ಕೂಡಿಟ್ಟರು. ಅದೇ ಇಂದಿನ ಪೀಬಡಿ ಎಸೆಕ್ಸ್ ವಸ್ತುಸಂಗ್ರಹಾಲಯದ ಮೂಲ. ಭಾರತದ ಆಧುನಿಕ ಚಿತ್ರಕಲೆಯ ದೊಡ್ಡ ಸಂಗ್ರಹ, ಹುಸೇನರ ಕೃತಿಗಳೂ ಸೇರಿ, ಇಲ್ಲಿದೆ.

ಸೇಲಂ ಬಂದರಿಗೂ ಆಳವೇ ಶತ್ರುವಾಯಿತು. 1807ರ ವ್ಯಾಪಾರ ನಿರ್ಬಂಧದ ಹೊಡೆತದಿಂದ ಚೇತರಿಸಿಕೊಳ್ಳುವಷ್ಟರಲ್ಲಿ ದೊಡ್ಡ ಹಾಯಿಹಡಗುಗಳ ಕಾಲ ಬಂತು. ಅವು ಬಾಸ್ಟನ್, ನ್ಯೂಯಾರ್ಕ್‌ಗಳಿಗೆ ಹೋದವು. 1819ರಲ್ಲಿ ಕಟ್ಟಿದ ಸೊಗಸಾದ ಸುಂಕದ ಕಚೇರಿಯಲ್ಲಿ 1846ರಿಂದ 1849ರವರೆಗೆ ಅಧಿಕಾರಿಯಾಗಿದ್ದ ಕಾದಂಬರಿಕಾರ ನಥಾನಿಯಲ್ ಹಾಥಾರ್ನ್‌ಗೆ ಮಾಡಲು ಕೆಲಸವೇ ಹೆಚ್ಚಿರಲಿಲ್ಲ. 1938ರಲ್ಲಿ ಅಮೆರಿಕ ಸರ್ಕಾರ ಆ ಕಚೇರಿ, ಗೋದಾಮು, ಅರ್ಧ ಮೈಲಿ ಉದ್ದದ ಡರ್ಬಿ ದಕ್ಕೆಯನ್ನು ದೇಶದ ಮೊದಲ ರಾಷ್ಟ್ರೀಯ ಐತಿಹಾಸಿಕ ತಾಣವಾಗಿ ಘೋಷಿಸಿತು.

ಎಷ್ಟು ಜನ ಬಂದರೆ ಸಾಕು?

ಸಣ್ಣ ಹಡಗಿನ ಪ್ರಯಾಣ ಅಗ್ಗವಲ್ಲ. ವಾರಕ್ಕೆ ತಲೆಗೆ ಹಲವು ಸಾವಿರ ಡಾಲರ್ ಬೀಳುತ್ತದೆ. ಆದರೆ ಈ ಊರುಗಳನ್ನು ನೋಡಲು ಅಷ್ಟು ಹಣ ಸುರಿಯಲೇಬೇಕೆಂದಿಲ್ಲ. ಮಕ್ಕಳ ಮನೆಗೆಂದು ಬೇಸಿಗೆಯಲ್ಲಿ ಬಾಸ್ಟನ್ ಕಡೆ ಹೋಗುವ ಕನ್ನಡದ ತಂದೆ ತಾಯಂದಿರಿಗೆ ಒಂದು ಮಾತು: ಬಾಸ್ಟನ್‌ನಿಂದ ಸೇಲಂಗೆ, ಪ್ರಾವಿಡೆನ್ಸ್‌ನಿಂದ ನ್ಯೂಪೋರ್ಟಿಗೆ, ನ್ಯೂ ಬೆಡ್‌ಫರ್ಡ್‌ನಿಂದ ನಾಂಟಕೆಟ್‌ಗೆ ಬೇಸಿಗೆಯಲ್ಲಿ ಸಾರ್ವಜನಿಕ ಫೆರಿಗಳು ಓಡುತ್ತವೆ. ಅದೇ ನೀರು, ಅದೇ ದಕ್ಕೆ, ಟಿಕೆಟ್ಟಿನ ಬೆಲೆ ಮಾತ್ರ ಬೇರೆ.

ಪ್ರವಾಸಿಗರ ಸಂಖ್ಯೆಯ ಪ್ರಶ್ನೆ ಹಣದ್ದಷ್ಟೇ ಅಲ್ಲ. ಮೇನ್ ಸಂಸ್ಥಾನದ ಬಾರ್ ಹಾರ್ಬರ್ ಎಂಬ ಪುಟ್ಟ ಊರಿನ ಮತದಾರರು 2022ರ ನವೆಂಬರ್‌ನಲ್ಲಿ, ದಿನಕ್ಕೆ ಒಂದು ಸಾವಿರಕ್ಕಿಂತ ಹೆಚ್ಚು ಪ್ರವಾಸಿ ಹಡಗಿನ ಜನ ಇಳಿಯಬಾರದೆಂದು ತೀರ್ಮಾನಿಸಿದರು. ಕೆಲವು ವ್ಯಾಪಾರಿಗಳು ನ್ಯಾಯಾಲಯಕ್ಕೆ ಹೋದರು. ಆದರೂ ಊರಿನ ಕಾಳಜಿ ಸ್ಪಷ್ಟವಿತ್ತು. ನಾಲ್ಕು ಸಾವಿರ ಜನ ಒಂದೇ ಬೆಳಗ್ಗೆ ಇಳಿದು ಸಂಜೆಗೆ ಹತ್ತಿ ಹೋದರೆ ಊರಿಗೆ ಉಳಿಯುವುದು ನೂಕುನುಗ್ಗಲು. ನೂರು ಜನ ಬಂದರೆ ಮಾತುಕತೆಗೆ ಬಿಡುವಿರುತ್ತದೆ.

ನಮ್ಮ ಅಳಿವೆಗಳ ಸರದಿ

ಕರ್ನಾಟಕದ ಕರಾವಳಿಗೂ ಇಂಥದ್ದೇ ಚರಿತ್ರೆಯಿದೆ. ವಿಜಯನಗರಕ್ಕೆ ಅರಬ್ಬೀ ಕುದುರೆ ಇಳಿದ ಭಟ್ಕಳ, ಇಬ್ನ್ ಬತೂತ ಬಂದುಹೋದ ಹೊನ್ನಾವರ, ಶಿವಾಜಿ 1665ರಲ್ಲಿ ಕಡಲಮಾರ್ಗವಾಗಿ ಬಂದು ದೋಚಿದ ಬಸರೂರು, ಆಳುಪರ ಬಾರಕೂರು, ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿಯ ಗೇರುಸೊಪ್ಪೆ: ಇವೆಲ್ಲ ನದಿಯೊಳಗಿನ ಅಥವಾ ಅಳಿವೆಯ ಬಂದರುಗಳು. ಅಳಿವೆಗೆ ಹೂಳು ತುಂಬಿತು, ಹಡಗು ದೊಡ್ಡದಾಯಿತು, ವ್ಯಾಪಾರ ಹೋಯಿತು. ಮುಂಬಯಿ ಸ್ಟೀಮರುಗಳ ಕಾಲದಲ್ಲೂ ಹಲವು ಊರುಗಳಲ್ಲಿ ಹಡಗು ದೂರ ನಿಂತು, ಜನ ಮಚ್ವೆಯಲ್ಲಿ ದಡ ಸೇರಬೇಕಿತ್ತು. ಆಮೇಲೆ ರಸ್ತೆ, ರೈಲು ಬಂದು ಆ ಸ್ಟೀಮರುಗಳೂ ನಿಂತವು.

ದೊಡ್ಡ ಪ್ರವಾಸಿ ಹಡಗು ಬರುವುದಾದರೆ ಆಳವಿರುವ ನವಮಂಗಳೂರಿಗೆ ಬರುತ್ತದೆ. ಬಸರೂರಿಗೆ ಅದು ಬರಲಾರದು. ಆದರೆ ಕಾಳಿ, ಶರಾವತಿ, ಪಂಚಗಂಗಾವಳಿ ನದಿಗಳು 2016ರ ಕಾಯ್ದೆಯಡಿ ರಾಷ್ಟ್ರೀಯ ಜಲಮಾರ್ಗಗಳೆಂದು ಘೋಷಣೆಯಾಗಿವೆ. ಹೊನ್ನಾವರದಿಂದ ಗೇರುಸೊಪ್ಪೆಯ ಕಡೆಗೆ, ಅಘನಾಶಿನಿಯ ಅಳಿವೆಯಿಂದ ಮಿರ್ಜಾನ್ ಕೋಟೆಯ ಕಡೆಗೆ, ಗಂಗೊಳ್ಳಿಯಿಂದ ಬಸರೂರಿನ ಕಡೆಗೆ ಮೂವತ್ತು–ನಲವತ್ತು ಜನರ ದೋಣಿ ಸಾಗುವಷ್ಟು ನೀರು ನಮ್ಮಲ್ಲಿದೆ. ಕಥೆ ಹೇಳಬಲ್ಲ ಸ್ಥಳೀಯರೂ ಇದ್ದಾರೆ. ಇಲ್ಲದಿರುವುದು ಉಳಿಸಿಕೊಳ್ಳುವ ಮನಸ್ಸು. ಬಾರಕೂರಿನ ಬಸದಿ, ದೇವಾಲಯಗಳ ಆಸುಪಾಸು, ಬಸರೂರಿನ ಹಳೆಯ ಕೇರಿಗಳು, ಕುಮಟಾದ ಹಳೆಯ ಗೋದಾಮುಗಳು ಒಮ್ಮೆ ನೆಲಸಮವಾದರೆ ಯಾವ ದೋಣಿಯೂ ಅವುಗಳನ್ನು ಮರಳಿ ತರಲಾರದು.

ನ್ಯೂ ಇಂಗ್ಲೆಂಡಿನ ಊರುಗಳನ್ನು ಮೊದಲು ಉಳಿಸಿದ್ದು ಬಡತನ, ಆಮೇಲೆ ಉಳಿಸಿದ್ದು ಕಾನೂನು, ಪ್ರತಿಷ್ಠಾನ ಮತ್ತು ಊರವರ ಹಟ. ಹಡಗು ಬಂದದ್ದು ಕೊನೆಗೆ. ನಾವು ಈ ಕ್ರಮವನ್ನು ತಲೆಕೆಳಗು ಮಾಡಬಾರದು. ಕರಾವಳಿ ಪ್ರವಾಸೋದ್ಯಮದ ಯೋಜನೆ ಬರೆಯುವವರು ಹೊಸ ಜೆಟ್ಟಿಗೆ ಹಣ ತೆಗೆದಿಡುವ ಮುನ್ನ ಹಳೆಯ ಬಂದರು ಊರುಗಳ ಮನೆ, ಕೇರಿ, ಕಟ್ಟಡಗಳ ಪಟ್ಟಿ ಮಾಡಿ ಅವುಗಳಿಗೆ ರಕ್ಷಣೆ ಕೊಡಲಿ. ಆ ಕೆಲಸ ಗ್ರಾಮ ಪಂಚಾಯಿತಿಯಿಂದಲೇ ಶುರುವಾಗಬಹುದು, ಈ ವರ್ಷವೇ ಶುರುವಾಗಬೇಕು.